ತಂಗುಮನೆಯ ನಂಟು

ಉಪ್ಪಿನಬೆಟಗೇರಿಯ ನಮ್ಮ ವಾಚಕರು ಬೆಟಗೇರಿಯೆಂದೊಡನೆ ತಮ್ಮೂರೆಂದು ತಿಳಿಯದಿರಲಿ. ನಾವು ಹೇಳಹೊರಟಿರುವದು ಗದಗಕ್ಕೆ ಹೊಂದಿದ ಬೆಟಗೇರಿಯನ್ನು. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ 1841ರಲ್ಲಿ ಈ ಬೆಟಗೇರಿಯಲ್ಲಿಯೂ ನೆಲೆಯೂರಿದರು. ದೀಕ್ಷಾಸ್ನಾನ ಹೊಂದಿದ ಅನೇಕರಿಗೆ ಮನೆ, ಓಣಿ, ಬಾವಿ, ಕಸುಬು ಎಲ್ಲವೂ ಒಮ್ಮೆಗೇ ತಪ್ಪಿಹೋಗುತ್ತಿದ್ದವು. ಅಂಥವರಿಗೆ ಮಿಶನ್ನು ತಂಗಲು ಮನೆ ಕೊಟ್ಟಿತು. ನೇಯ್ಗೆಯ ಕೆಲಸವನ್ನೂ, ಮಂಗಳೂರಿನಲ್ಲಿ 1865ರಿಂದ ಹಂಚಿನ ಕೆಲಸವನ್ನೂ ಒದಗಿಸಿತು. ಆಸರೆಯೇನೋ ದೊರೆಯಿತು. ಆದರೆ ಮನೆಯೊಡೆಯ, ಕೂಲಿ ಕೊಡುವಾತ, ಪಾದ್ರಿ ಈ ಮೂವರೂ ಒಂದೇ ಆದಲ್ಲಿ ಬಡವನು ಮನಬಿಚ್ಚಿ ಮಾತನಾಡುವದು ಯಾರೊಡನೆ? ಇದು ನಮಗೆ ಸಣ್ಣ ಮಾತೆನಿಸದು. 1914ರ ಯುದ್ಧದಲ್ಲಿ ಜರ್ಮನ್ ಪಾದ್ರಿಗಳು ಸೆರೆಯಾದರು, ಕಾರಖಾನೆಗಳೂ ಕೈಬದಲಾದವು. ಆಗ ಆ ಕುಟುಂಬಗಳಿಗೆ ಉಳಿದದ್ದು ತಮ್ಮತಮ್ಮೊಳಗಿನ ಕೊಡುಕೊಳ್ಳುವ ನಂಟು.

ಈ ಪ್ರಶ್ನೆ ಹಳತಾಗಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆಯ ಮಹಾಪೂರಕ್ಕೆ ಮನೆ ಕಳಕೊಂಡವರು ತಗಡಿನ ಶೆಡ್ಡುಗಳಲ್ಲಿ ತಂಗಿದಾಗ ಅಕ್ಕಿ, ಬಟ್ಟೆ ಹಂಚಿದವರು ಬಹಳ. ಮರುತಿಂಗಳು ಹೋಗಿ ಚಾಪೆಯ ಮೇಲೆ ಕುಳಿತವರು ಎಷ್ಟು ಮಂದಿ? ದೇವಾಲಯದಿಂದಾಗಲಿ ಮಠದಿಂದಾಗಲಿ ಅಂಥಲ್ಲಿಗೆ ಹೋಗುವ ಗೃಹಿಣಿಯರು ಆ ಮನೆಯಾಕೆ ಕೊಟ್ಟ ಚಹವನ್ನು ಬೇಡವೆನ್ನದಿರಲಿ. ಎರಡನೆಯ ಸಲ ಹೋದಾಗ ಆಕೆಯ ಮಕ್ಕಳ ಹೆಸರು ನೆನಪಿರಲಿ.