ಅರಮನೆಯ ನಗೆ, ಕೇರಿಯ ನಗೆ

ಚಾರಿತ್ರಿಕ ಹಾಸ್ಯಚಿತ್ರಗಳು ನಿರುಪದ್ರವಿಯಾದ ಮನರಂಜನೆ, ಅವುಗಳಲ್ಲಿ ರಾಜಕಾರಣವನ್ನು ಹುಡುಕುವುದು ವಿದ್ವಾಂಸರ ಹಠ ಎಂಬ ಮಾತು ಚಾಲ್ತಿಯಲ್ಲಿದೆ. ಇದು ಒಪ್ಪತಕ್ಕ ಮಾತಲ್ಲ. ನಗೆ ಎಲ್ಲಿ ಹುಟ್ಟಿ ಯಾರ ಮೇಲೆ ಬೀಳುತ್ತದೆ ಎಂಬಲ್ಲಿಯೇ ಅದರ ರಾಜಕಾರಣ ಅಡಗಿರುತ್ತದೆ.

ತೆನಾಲಿ ರಾಮಕೃಷ್ಣನ ಕಥೆಯನ್ನು 1956ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ತೆರೆಗೆ ತಂದಿದ್ದ ಬಿ.ಎಸ್. ರಂಗಾ, 1982ರಲ್ಲಿ ಅನಂತನಾಗ್ ಅವರನ್ನು ನಾಯಕರನ್ನಾಗಿಸಿ ಕನ್ನಡದಲ್ಲಿ 'ಹಾಸ್ಯರತ್ನ ರಾಮಕೃಷ್ಣ'ವನ್ನು ನಿರ್ದೇಶಿಸಿದರು. ಈ ಕಥಾಪರಂಪರೆಯಲ್ಲಿ ವಿಕಟಕವಿಗೆ ರಾಜಗುರುವನ್ನು ಗೇಲಿಮಾಡುವ ಸ್ವಾತಂತ್ರ್ಯವಿದೆ. ರಾಯನ ಕೋಪದಿಂದ ಜಾಣ್ಮೆಯ ಬಲದಿಂದ ಪಾರಾಗುವ ಅವಕಾಶವೂ ಇದೆ. ಸಿಂಹಾಸನ ಮಾತ್ರ ಅಲುಗುವುದಿಲ್ಲ. ನಗೆ ಮುಗಿದಾಗ ದೊರೆ ಇನ್ನಷ್ಟು ಉದಾರಿಯಾಗಿ ಕಾಣುತ್ತಾನೆ. ತೆರಿಗೆ ತೆತ್ತವರಿಗೆ, ಕೆರೆ ತೋಡಿದವರಿಗೆ ಅಲ್ಲಿ ಮಾತಿಲ್ಲ.

ಸಾಮ್ರಾಜ್ಯದ ಒಳಗೆಲ್ಲ ನೆಮ್ಮದಿ, ಅಪಾಯವೆಲ್ಲ ಹೊರಗಿನಿಂದ ಎಂಬ ಆಸ್ಥಾನಕಥೆಗಳ ನಂಬಿಕೆಯನ್ನು ಶಾಸನಗಳು ಪುರಸ್ಕರಿಸುವುದಿಲ್ಲ. 1368ರ ಶ್ರವಣಬೆಳಗೊಳದ ಶಾಸನವು ಜೈನರಿಗೂ ಶ್ರೀವೈಷ್ಣವರಿಗೂ ನಡುವೆ ಎದ್ದ ವ್ಯಾಜ್ಯವನ್ನೂ ಅದನ್ನು ಬುಕ್ಕರಾಯ ಇತ್ಯರ್ಥಪಡಿಸಿದ್ದನ್ನೂ ದಾಖಲಿಸಿದೆ. ಆ ತೀರ್ಪು ದೊರೆಯ ಹಿರಿಮೆಗೆ ಸಾಕ್ಷಿ ಎಂದು ಹೊಗಳುವವರು, ಅಲ್ಪಸಂಖ್ಯಾತ ಸಮುದಾಯವೊಂದು ದೊರೆಯ ಬಾಗಿಲು ಬಡಿಯಬೇಕಾಯಿತೆಂಬುದನ್ನೂ ಓದಬೇಕು. ಹಂಪಿಯಲ್ಲಿ 1385ರಲ್ಲಿ ದಂಡನಾಯಕ ಇರುಗಪ್ಪ ಕಟ್ಟಿಸಿದ ಕುಂಥುನಾಥ ಬಸದಿಯನ್ನು ಜನ ಇಂದು 'ಗಾಣಗಿತ್ತಿ ಗುಡಿ' ಎಂದೇ ಕರೆಯುತ್ತಾರೆ. ಜನರ ನೆನಪು ದಂಡನಾಯಕನನ್ನು ಬಿಟ್ಟು ಗಾಣದ ಹೆಂಗಸನ್ನು ಉಳಿಸಿಕೊಂಡಿತು. ಆಸ್ಥಾನದ ಸಿನಿಮಾಕ್ಕೆ ಆ ನೆನಪಿನ ಗೊಡವೆಯಿಲ್ಲ.

2021ರಲ್ಲಿ ಹೊಸಪೇಟೆಯೊಡನೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಸೇರಿ ವಿಜಯನಗರ ಜಿಲ್ಲೆಯಾಯಿತು. ಸಾಮ್ರಾಜ್ಯದ ಹೆಸರು ಈ ಊರುಗಳಿಗೆ ದೊರೆಯಿತು. ಇವುಗಳ ಚರಿತ್ರೆ ಆ ಹೆಸರಿನಲ್ಲಿ ಕರಗಬಾರದು. ಕೋಗಳಿಯ ಬಸದಿಗಳೂ ಬಾಗಳಿಯ ಕಲ್ಲೇಶ್ವರ ದೇವಾಲಯವೂ ವಿಜಯನಗರಕ್ಕಿಂತ ಹಳೆಯವು. ಹರಪನಹಳ್ಳಿ, ಗುಡೇಕೋಟೆ, ಜರಿಮಲೆಗಳ ಪಾಳೆಯಗಾರರದು ಬೇರೆಯೇ ಕಥೆ. ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದೇ ವಾಕ್ಯದ ಕಾರಣಿಕವನ್ನು ಜನ ಮಳೆ, ಬೆಳೆ, ರಾಜಕೀಯಗಳಿಗೆ ಹೊಂದಿಸಿ ಅರ್ಥೈಸುತ್ತಾರೆ. ಇಲ್ಲಿ ಅಧಿಕಾರದ ಬಗೆಗಿನ ಮಾತಿಗೆ ಆಸ್ಥಾನದ ಅಪ್ಪಣೆ ಬೇಕಿಲ್ಲ.

ವಿದೂಷಕನ ನಗೆಯೂ ದುರ್ಬಲನ ಆಯುಧವಲ್ಲವೇ ಎಂಬ ಆಕ್ಷೇಪಣೆ ಬರಬಹುದು. ಹೌದು, ಆದರೆ ಅದು ದೊರೆಯೇ ಪರವಾನಗಿ ಕೊಟ್ಟ ಆಯುಧ. ಪರವಾನಗಿಯಿಲ್ಲದ ನಗೆಯನ್ನು ಕಾಣಬೇಕಾದರೆ ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಕಥೆಯನ್ನಾಧರಿಸಿ ನಾಗತಿಹಳ್ಳಿ ಚಂದ್ರಶೇಖರ ನಿರ್ದೇಶಿಸಿದ 'ಕೊಟ್ರೇಶಿ ಕನಸು' (1994) ನೋಡಬೇಕು. ಅದು ಚಾರಿತ್ರಿಕ ಚಿತ್ರವಲ್ಲ, ಬರಿಯ ಹಾಸ್ಯವೂ ಅಲ್ಲ. ಓದುವ ಕನಸು ಕಂಡ ದಲಿತ ಬಾಲಕ, ಅದನ್ನು ಸಹಿಸದ ಊರಿನ ಜಾತಿವ್ಯವಸ್ಥೆ ಅದರ ವಸ್ತು. ಇಲ್ಲಿ ವ್ಯಂಗ್ಯ ಬೀಳುವುದು ಒಬ್ಬ ರಾಜಗುರುವಿನ ಮೇಲಲ್ಲ, ಇಡೀ ವ್ಯವಸ್ಥೆಯ ಮೇಲೆ. ಅದನ್ನು ಬಹುಮಾನ ಕೊಟ್ಟು ತಣ್ಣಗಾಗಿಸುವ ರಾಯನೂ ಇಲ್ಲ.

ಗತಕಾಲವನ್ನು ಇದೇ ಕಣ್ಣಿನಿಂದ ನೋಡಲು ಸಾಧ್ಯವೆಂಬುದಕ್ಕೂ ನಿದರ್ಶನವುಂಟು. ಥಾಮಸ್ ಮನ್ರೋ ಕಾಲವನ್ನು ವಸ್ತುವಾಗಿಸಿಕೊಂಡ ಕುಂ. ವೀ. ಅವರ 'ಅರಮನೆ' ಕಾದಂಬರಿಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಬಂದಿತು. ಅಲ್ಲಿ ಅರಮನೆಯೇ ನಗೆಪಾಟಲು. ಚಾರಿತ್ರಿಕ ಹಾಸ್ಯಕ್ಕೆ ಬೇಕಾದ ಸಾಮಗ್ರಿಯೂ ಭಾಷೆಯೂ ಈ ನೆಲದಲ್ಲಿಯೇ ಇರುವಾಗ ಆಸ್ಥಾನದ ಮೊಗಸಾಲೆಯನ್ನೇ ಸುತ್ತುವುದು ಬಡತನದಿಂದಲ್ಲ, ಆಯ್ಕೆಯಿಂದ. ವಿಜಯನಗರವನ್ನು ಸಿನಿಮಾದಿಂದ ಅರಿಯುವ ವಿದ್ಯಾರ್ಥಿ, 'ಹಾಸ್ಯರತ್ನ'ನ ಪಕ್ಕದಲ್ಲಿ ಕೊಟ್ರೇಶಿಯನ್ನೂ ಕೂರಿಸಿ ನೋಡಲಿ. ಯಾರ ನಗೆಗೆ ಬೆಲೆ ತೆರಬೇಕಾಯಿತೆಂಬುದು ಆಗ ತಾನಾಗಿ ತಿಳಿಯುತ್ತದೆ.