ಚಾಳೀಸು

ಒಂದೂವರೆ ವರ್ಷದ ಹಿಂದಿನ ಮಾತು. ಬೆಳಗಿನ ಮದ್ರಸ ಮುಗಿಸಿ ಬಂದು, ಶಾಲೆಗೆ ಹೊರಡುವ ಮುನ್ನ ಪತ್ರಿಕೆ ಓದುತ್ತಾ ಕುಳಿತಿದ್ದೆ. ತೋಳು ಚಾಚಿ ಪತ್ರಿಕೆ ಹಿಡಿದಿದ್ದ ನನ್ನನ್ನು ನೋಡಿ ನನ್ನಾಕೆ, "ನಿಮ್ಮ ಕೈ ಇನ್ನೂ ಸ್ವಲ್ಪ ಉದ್ದ ಇದ್ದಿದ್ದರೆ ಒಳ್ಳೆಯದಿತ್ತು" ಎಂದು ನಕ್ಕಳು. ಮರುದಿನವೇ ನವಲಗುಂದಕ್ಕೆ ಹೋಗಿ ಕಣ್ಣು ತೋರಿಸಿದೆ. ಡಾಕ್ಟರು ಒಂದೇ ಮಾತಿನಲ್ಲಿ ಹೇಳಿದರು: "ಚಾಳೀಸು ಬಂದೈತ್ರೀ ಮಾಸ್ತರ. ಎಲ್ಲಾರಿಗೂ ಬರೂದ."

ಚಾಳೀಸ್ ಎಂದರೆ ಉರ್ದುವಿನಲ್ಲಿ ನಲವತ್ತು. ಆ ವಯಸ್ಸಿನಲ್ಲಿ ಬರುವ ಕಣ್ಣಿನ ತೊಂದರೆಗೆ ನಮ್ಮ ಕನ್ನಡಿಗರು ಅದೇ ಹೆಸರಿಟ್ಟು ತಮ್ಮದಾಗಿಸಿಕೊಂಡಿದ್ದಾರೆ. ವಯಸ್ಸಾದಂತೆ ಕಣ್ಣಿನ ಮಸೂರ ಬಿಗಿಯಾಗುತ್ತದೆ, ಹತ್ತಿರದ್ದನ್ನು ನೋಡಲು ಬೇಕಾದಷ್ಟು ಬಾಗುವುದಿಲ್ಲ ಎಂದು ಡಾಕ್ಟರು ವಿವರಿಸಿದರು. ದೂರದ ಬಸ್ಸಿನ ಬೋರ್ಡು ಸ್ಪಷ್ಟವಾಗಿ ಕಾಣುತ್ತದೆ. ಕೈಯಲ್ಲಿರುವ ಪುಸ್ತಕ ಮಾತ್ರ ಮಸುಕು. ಕನ್ನಡಕ ಹಾಕಿಕೊಂಡು ಬಂದೆ. ಆದರೆ ಅದಕ್ಕಿಂತ ಮೊದಲೇ ಇನ್ನೊಂದು ಚಾಳೀಸು ನನಗೆ ಬಂದಿತ್ತು ಎಂಬುದು ಆ ವರ್ಷದ ಬೇಸಿಗೆಯಲ್ಲಿ ತಿಳಿಯಿತು.

ನಾನು ಬಂಡಾಯದ ವರ್ಷ ಹುಟ್ಟಿದವನು. ನಮ್ಮ ಕಡೆ ಬಂಡಾಯ ಎಂದರೆ 1980ರ ನರಗುಂದ-ನವಲಗುಂದ ರೈತ ಬಂಡಾಯ. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಹೊಲಕ್ಕೆ ಬರುವ ಮೊದಲೇ ಕರದ ನೋಟೀಸು ಮನೆಗೆ ಬಂದಿತ್ತು. ಜುಲೈ 21ರಂದು ಗೋಲಿಬಾರ್ ಆಯಿತು. ರೈತರೂ ಸತ್ತರು, ಪೊಲೀಸರೂ ಸತ್ತರು. ಇಂದಿಗೂ ಪ್ರತಿ ವರ್ಷ ಆ ದಿನ ರೈತರು ಹುತಾತ್ಮರ ಸ್ಮಾರಕದ ಬಳಿ ಸೇರುತ್ತಾರೆ. ಮೆರವಣಿಗೆಗೆ ಹೋಗಿದ್ದ ಅಬ್ಬಾ ಹೇಳುತ್ತಿದ್ದರು, ಆ ದಿನ ಪಕ್ಕದಲ್ಲಿ ನಡೆಯುತ್ತಿದ್ದವನ ಎಷ್ಟು ಎಕರೆ ಹೊಲ ಒಣಗಿದೆ ಎಂದು ಕೇಳಿದರೇ ಹೊರತು ಯಾವ ಜಾತಿ ಎಂದು ಯಾರೂ ಕೇಳಲಿಲ್ಲವಂತೆ. 2015ರಲ್ಲಿ ಮಹದಾಯಿ ನೀರಿಗಾಗಿ ಹೋರಾಟ ಶುರುವಾದಾಗಲೂ, ಮರುವರ್ಷ ಜುಲೈಯಲ್ಲಿ ನಮ್ಮ ತಾಲೂಕಿನ ಯಮನೂರಿನಲ್ಲಿ ಲಾಠಿ ಬೀಸಿದಾಗಲೂ ಪೆಟ್ಟು ತಿಂದವರು ಬರೇ ರೈತರಾಗಿದ್ದರು. ಒಬ್ಬರು ರಾಜಾಬಾಗ್ ಸವಾರ್ ಎಂದು, ಇನ್ನೊಬ್ಬರು ಚಾಂಗದೇವ ಎಂದು ಕರೆದು ಒಂದೇ ಜಾಗಕ್ಕೆ ಬರುವ ಊರು ಅದು.

ಇಂಥ ನಾಡಿನಲ್ಲಿ ಬೆಳೆದ ನನಗೆ 1994ರಲ್ಲಿ ಹದಿನಾಲ್ಕು ವರ್ಷ. ಹುಬ್ಬಳ್ಳಿಯ ಫೂಫಿಯ ಮನೆಗೆ ಹೋಗಿದ್ದೆ. ಆಗಸ್ಟ್ 15ರಂದು ಈದ್ಗಾ ಮೈದಾನದ ಧ್ವಜ ವಿವಾದದಲ್ಲಿ ಗೋಲಿಬಾರ್ ನಡೆದು ಜನ ಸತ್ತರು. ಕರ್ಫ್ಯೂ ಬಿತ್ತು. ಊರಿಗೆ ಹೋಗುವ ದಾರಿ ಕಾಣದೆ ಫೂಫಿಯ ಮನೆಯೊಳಗೇ ಕುಳಿತಿದ್ದೆ. ಮೂರ್ನಾಲ್ಕು ದಿನಗಳ ನಂತರ ನಮ್ಮ ಓಣಿಯ ಕಾಕಾ, ನನ್ನ ಜೀವದ ಗೆಳೆಯನ ತಂದೆ, ಹುಡುಕಿಕೊಂಡು ಬಂದರು. ಲಿಂಗಾಯತ ರೈತರು. ಅಂಥ ದಿನಗಳಲ್ಲಿ ಆ ಓಣಿಗೆ ಕಾಲಿಡಲು ಅವರಿಗೂ ಭಯವಿರಲಿಲ್ಲವೆಂದಲ್ಲ. ಲಾರಿಯಲ್ಲಿ ಮುಂದೆ ತಮ್ಮ ಪಕ್ಕ ಕೂಡಿಸಿಕೊಂಡರು. ದಾರಿಯಲ್ಲಿ ತಡೆದು ಯಾರೀ ಹುಡುಗ ಎಂದು ಕೇಳಿದವರಿಗೆ, "ನಮ್ಮ ಹುಡುಗರೀ" ಎಂದಷ್ಟೇ ಹೇಳಿದರು.

ಆ ಕಾಕಾರ ಮನಸ್ಸನ್ನು ಹತ್ತು ವರ್ಷಗಳ ನಂತರ ನಾನು ನೋಯಿಸಿದೆ.

ಮದ್ರಸ ಕಲಿತು, ಜೊತೆಗೆ ಬಿಎ ಪರೀಕ್ಷೆಯನ್ನೂ ಪಾಸು ಮಾಡಿ ಊರಿಗೆ ಮರಳಿದ್ದೆ. 2004ರ ಮೊಹರಂ. ನಮ್ಮ ಹಳ್ಳಿಗಳಲ್ಲಿ ಪಂಜಾ ಕೂಡಿಸುವುದು, ಅಲಾಯಿ ಸುತ್ತ ಹೆಜ್ಜೆ ಹಾಕುವುದು, ಹರಕೆ ಹೊತ್ತು ಫಕೀರರಾಗುವುದು ನಿಮಗೆ ಗೊತ್ತೇ ಇದೆ. ಮುಸ್ಲಿಮರಿಗಿಂತ ಹೆಚ್ಚು ಹಿಂದೂಗಳೇ ಅದರಲ್ಲಿರುತ್ತಾರೆ. ನಾನು ಅಗಸಿಯ ಕಟ್ಟೆಯ ಮೇಲೆ ನಿಂತು, ಇದೆಲ್ಲ ಧರ್ಮದಲ್ಲಿಲ್ಲ, ಅಜ್ಞಾನ ಎಂದು ಜೋರಾಗಿ ಹೇಳಿದೆ. ಹೇಳಿದ್ದಷ್ಟೇ ಅಲ್ಲ, ನಕ್ಕೆ. ಕೊರಳಿಗೆ ಲಾಡಿ ಹಾಕಿಕೊಂಡಿದ್ದ ಕಾಕಾ ಹತ್ತಿರ ಬಂದರು. "ನೀ ಓದಿದಾಂವ. ನಿನ್ನ ಪುಸ್ತಕದಾಗ ಹಂಗ ಇರಬಹುದು. ಆದರ ನಗಬ್ಯಾಡಪಾ. ಇಂವ ಸಣ್ಣಾಂವ ಇದ್ದಾಗ ಜ್ವರ ಬಂದು ಸಾಯಾಕ ಬಿದ್ದಿದ್ದ. ಉಳೀಲಿ ಅಂತ ಹರಕಿ ಹೊತ್ತಾಂವ ನಾ" ಎಂದು ಮಗನನ್ನು ತೋರಿಸಿದರು. ಮರುವರ್ಷ ಅವರು ಬರಲಿಲ್ಲ.

ಏಕದೇವ ವಿಶ್ವಾಸದ ವಿಷಯದಲ್ಲಿ ನನ್ನ ನಿಲುವು ಇಂದಿಗೂ ಬದಲಾಗಿಲ್ಲ, ಬದಲಾಗುವುದೂ ಇಲ್ಲ. ಆದರೆ ಫಿರ್‌ಔನನಂಥ ದರ್ಪಿಷ್ಟನ ಬಳಿ ಹೋಗುವಾಗಲೂ ಮೃದುವಾಗಿ ಮಾತಾಡಿರೆಂದು ಅಲ್ಲಾಹನು ಮೂಸಾ(ಅ) ಮತ್ತು ಹಾರೂನ್(ಅ)ರಿಗೆ ಆಜ್ಞಾಪಿಸಿದ್ದನ್ನು ನಾನು ಮದ್ರಸದಲ್ಲಿ ಓದಿದ್ದೆ. ನಮ್ಮ ಕಾಕಾ ಫಿರ್‌ಔನನಿಗಿಂತ ಎಷ್ಟೋ ಒಳ್ಳೆಯವರು. ನಾನು ಮೂಸಾ(ಅ)ರ ಪಾದಧೂಳಿಗೂ ಸಮನಲ್ಲ. ಆದರೂ ನನ್ನ ನಾಲಿಗೆಗೆ ಆ ಮೃದುತ್ವ ಇರಲಿಲ್ಲ.

ನಂತರ ಮೊಬೈಲಿನ ಕಾಲ ಬಂತು. ಹತ್ತನೆಯ ತರಗತಿಯ ಗೆಳೆಯರ ವಾಟ್ಸಾಪ್ ಗುಂಪು ಆಯಿತು. ಹಿಜಾಬ್ ವಿವಾದ ಹೊತ್ತಿ ಉರಿಯುತ್ತಿದ್ದ 2022ರ ಫೆಬ್ರವರಿಯಲ್ಲಿ ಕಾಕಾರ ಮಗ, ನನ್ನ ಜೀವದ ಗೆಳೆಯ, ನಮ್ಮ ಸಮುದಾಯದ ಬಗ್ಗೆ ಯಾರೋ ಬರೆದ ಕೆಟ್ಟ ಸಂದೇಶವೊಂದನ್ನು ಗುಂಪಿಗೆ ಕಳಿಸಿದ. ಮನೆಯಲ್ಲಿ ಕಾಲೇಜಿನ ಕನಸು ಕಾಣುತ್ತಿದ್ದ ಮಗಳು ಅಳುತ್ತಿದ್ದಳು. ನಾನು ಖಾರವಾಗಿ ಉತ್ತರ ಬರೆದು ಗುಂಪು ಬಿಟ್ಟೆ. ಅವನ ಮನೆ ನಮ್ಮ ಮನೆಯಿಂದ ನೂರು ಹೆಜ್ಜೆ. ಎದ್ದು ಹೋಗಿ, "ಲೇ ದೋಸ್ತ, ಇದನ್ನ ಯಾಕ ಕಳಿಸಿದಿ?" ಎಂದು ಕೇಳಬಹುದಿತ್ತು. ಕೇಳಲಿಲ್ಲ. ಮೂರು ವರ್ಷ ಮಾತು ನಿಂತಿತು. ದಿಲ್ಲಿಯಲ್ಲಿ ಯಾರು ಏನಂದರು, ಬೆಂಗಳೂರಿನಲ್ಲಿ ಯಾರು ಯಾರ ವಿರುದ್ಧ ಗುಡುಗಿದರು ಎಂಬುದೆಲ್ಲ ನನಗೆ ದಿನವೂ ಸ್ಪಷ್ಟವಾಗಿ ಕಾಣುತ್ತಿತ್ತು. ನೂರು ಹೆಜ್ಜೆಯಾಚೆ ಕಾಕಾ ಹಾಸಿಗೆ ಹಿಡಿದದ್ದು ಕಾಣಲಿಲ್ಲ. ಅದೇ ನಾನು ಹೇಳಿದ ಇನ್ನೊಂದು ಚಾಳೀಸು.

ಕಾಣಲಿಲ್ಲ ಎಂದರೆ ಅರ್ಧ ಸತ್ಯ. ನನ್ನಾಕೆ ಹೇಳಿದ್ದಳು. ನಾನು ಮಾತು ಬಿಟ್ಟಿದ್ದರೂ ಆಕೆ ಬಿಟ್ಟಿರಲಿಲ್ಲ. ಈದ್‌ಗೆ ಶೀರ್‌ಖುರ್ಮಾ ಅವರ ಮನೆಗೆ ಹೋಗುತ್ತಿತ್ತು, ಸಂಕ್ರಾಂತಿಗೆ ಕುಸುರೆಳ್ಳು ನಮ್ಮ ಮನೆಗೆ ಬರುತ್ತಿತ್ತು. ಗಂಡಸರ ಸಿಟ್ಟು ಗಂಡಸರಿಗೆ ಎಂದು ಆ ಇಬ್ಬರು ಹೆಣ್ಣುಮಕ್ಕಳು ಅಡುಗೆಮನೆಯ ದಾರಿಯನ್ನು ತೆರೆದೇ ಇಟ್ಟಿದ್ದರು. "ಒಮ್ಮೆ ಹೋಗಿ ನೋಡಿಕೊಂಡು ಬನ್ನಿ" ಎಂದಾಗಲೆಲ್ಲ, ಶುಕ್ರವಾರ ಹೋಗುತ್ತೇನೆ ಎನ್ನುತ್ತಿದ್ದೆ. ರೋಗಿಯನ್ನು ಕಾಣುವುದರ ಪುಣ್ಯದ ಬಗ್ಗೆ ಮಕ್ಕಳಿಗೆ ಪಾಠ ಹೇಳುವ ಮನುಷ್ಯ ನಾನು.

ಬೇಸಿಗೆಯ ಒಂದು ಮಧ್ಯಾಹ್ನ ಕಾಕಾ ತೀರಿಕೊಂಡ ಸುದ್ದಿ ಬಂತು. ಯಹೂದಿಯೊಬ್ಬನ ಶವಯಾತ್ರೆ ಹಾದುಹೋದಾಗ ಪ್ರವಾದಿ(ಸ) ಎದ್ದು ನಿಂತದ್ದು, ಅವನದೂ ಒಂದು ಜೀವವೇ ಎಂದು ಅನುಚರರಿಗೆ ತಿಳಿಸಿದ್ದು ನೆನಪಾಯಿತು. ಮಣ್ಣಿಗೆ ಹೋದೆ. ಅವರದೇ ಎರೆಹೊಲದಲ್ಲಿ ಸಮಾಧಿ. ಎಲ್ಲರ ಜೊತೆ ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಗೆಳೆಯ ನನ್ನ ಭುಜ ಹಿಡಿದು ಅತ್ತ. "ಅಪ್ಪ ಎರಡ ಸಲ ನಿನ್ನ ಕೇಳಿದ. ನಾನ ಹೇಳಿ ಕಳಿಸಲಿಲ್ಲೋ" ಎಂದ. ಹೇಳಿ ಕಳಿಸದೆಯೂ ಹೋಗಬೇಕಾಗಿದ್ದ ನಾನು ಏನು ಉತ್ತರ ಕೊಡಲಿ?

ಪವಿತ್ರ ಕುರ್‌ಆನ್ ನಲವತ್ತರ ವಯಸ್ಸನ್ನು ಪ್ರತ್ಯೇಕವಾಗಿ ಪ್ರಸ್ತಾಪಿಸಿದೆ. ಅಲ್ ಅಹ್ಕಾಫ್ ಅಧ್ಯಾಯದ 15ನೆಯ ವಚನದಲ್ಲಿ, ಆ ವಯಸ್ಸು ತಲುಪಿದ ದಾಸನು ತನಗೂ ತನ್ನ ತಂದೆತಾಯಿಗೂ ಸಿಕ್ಕ ಅನುಗ್ರಹಗಳಿಗೆ ಕೃತಜ್ಞನಾಗುವ ಶಕ್ತಿಯನ್ನು ಬೇಡುತ್ತಾನೆ. ಸತ್ಕರ್ಮ ಮಾಡಿಸೆಂದು, ಸಂತಾನವನ್ನು ಸರಿಪಡಿಸೆಂದು ಬೇಡಿ, ಪಶ್ಚಾತ್ತಾಪದಿಂದ ಮರಳುತ್ತಾನೆ. ಎಷ್ಟೋ ಸಲ ಓದಿದ ವಚನ. ಹೊಲದಿಂದ ಮರಳಿದ ಆ ರಾತ್ರಿ ಕನ್ನಡಕ ಹಾಕಿ ಓದುವಾಗ, ನನಗೆ ಸಿಕ್ಕ ಅನುಗ್ರಹಗಳಲ್ಲಿ ಒಂದು ಆ ಲಾರಿಯಲ್ಲಿ ನನ್ನ ಪಕ್ಕ ಕುಳಿತು ಬಂದಿತ್ತಲ್ಲ ಎನಿಸಿತು.

ನಮ್ಮ ಜಿಲ್ಲೆಯ ಸೌಹಾರ್ದ ಸಭೆಗಳಲ್ಲಿ ನಾನೂ ಭಾಷಣ ಮಾಡುತ್ತೇನೆ. ಕುಂದಗೋಳ ತಾಲೂಕಿನ ಕಳಸದ ಗೋವಿಂದ ಭಟ್ಟರು ಜನರ ನಿಂದೆಯನ್ನು ಲೆಕ್ಕಿಸದೆ ಶಿಶುನಾಳ ಶರೀಫರನ್ನು ಶಿಷ್ಯನಾಗಿ ಸ್ವೀಕರಿಸಿದ್ದು, ಕುಂದಗೋಳದ ಸವಾಯಿ ಗಂಧರ್ವರಿಗೆ ಅಬ್ದುಲ್ ಕರೀಂ ಖಾನರು ಸಂಗೀತ ಕಲಿಸಿದ್ದು ಹೇಳಿದರೆ ಚಪ್ಪಾಳೆ ಬೀಳುತ್ತದೆ. ಆ ಹಿರಿಯರು ಕಷ್ಟದ ಕೆಲಸ ಮಾಡಿ ಹೋದರು. ಅವರ ಹೆಸರು ಹೇಳುವುದು ಸುಲಭದ ಕೆಲಸ. ಪಕ್ಷ ಬೇರೆಯಾದ ನೆರೆಯವನ ಕಟ್ಟೆಯ ಮೇಲೆ ಹೋಗಿ ಕೂರುವುದು ಮಾತ್ರ ನಮಗೆ ಆಗುತ್ತಿಲ್ಲ. ಹಿಂದೂ-ಮುಸ್ಲಿಮರ ಮಾತು ಬಿಡಿ, ಜಮಾಅತ್ ಚುನಾವಣೆಯಲ್ಲಿ ಎದುರಾಳಿಯಾದ ಅಣ್ಣತಮ್ಮಂದಿರು ಒಂದೇ ಸಫ್‌ನಲ್ಲಿ ನಿಂತು ನಮಾಝ್ ಮಾಡಿ, ಹೊರಗೆ ಬಂದು ಸಲಾಮ್ ಹೇಳದ ಊರುಗಳಿವೆ.

ಅನ್ಯಾಯವನ್ನು ಅನ್ಯಾಯವೆನ್ನಬಾರದು, ಅವಮಾನವನ್ನು ನುಂಗಿಕೊಂಡಿರಬೇಕು ಎಂದು ನಾನು ಹೇಳುತ್ತಿಲ್ಲ. ಗೆಳೆಯನ ಸಂದೇಶ ತಪ್ಪೇ ಆಗಿತ್ತು. ಅದನ್ನು ಅವನಿಗೆ ಮುಖಾಮುಖಿ ಹೇಳಿದೆ ಕೂಡ, ಮಣ್ಣಾಗಿ ತಿಂಗಳಾದ ಮೇಲೆ, ಅವರ ಪಡಸಾಲೆಯಲ್ಲಿ ಕುಳಿತು. ಅವನು ತಲೆ ತಗ್ಗಿಸಿದ. ಆಮೇಲೆ, "ನೀನೂ ಅವತ್ತು ಅಗಸಿ ಮುಂದ ನಕ್ಕಿದ್ದಿ" ಎಂದ. ಇಪ್ಪತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು. ಈ ಬಾರಿ ತಲೆ ತಗ್ಗಿಸುವ ಸರದಿ ನನ್ನದು.

ಕಳೆದ ದಸರೆಯ ಸಂಜೆ ಅವನು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಕೈಯಲ್ಲಿ ಬನ್ನಿ ಎಲೆ. "ಬಂಗಾರದಂಗ ಇರೂಣಪಾ" ಎಂದ. ಎಲೆಗಳನ್ನು ತೆಗೆದುಕೊಂಡು ಅವನನ್ನು ಅಪ್ಪಿಕೊಂಡೆ. ಒಳಗಿನಿಂದ ನನ್ನಾಕೆ ಚಹಾ ತಂದಳು. ಅವಳ ಮುಖದಲ್ಲಿ, ಇಷ್ಟಕ್ಕೆ ಮೂರು ವರ್ಷ ಬೇಕಾಯಿತೇ ಎಂಬ ಪ್ರಶ್ನೆ ಇತ್ತು.

ನಲವತ್ತು ದಾಟಿದ ಸಹೋದರ ಸಹೋದರಿಯರೇ, ಕಣ್ಣು ಮಂಜಾದರೆ ಕನ್ನಡಕ ಸಿಗುತ್ತದೆ. ನಿಮ್ಮ ಮನೆಯಿಂದ ನೂರು ಹೆಜ್ಜೆಯೊಳಗೆ ನಿಮ್ಮೊಡನೆ ಮಾತು ಬಿಟ್ಟವರು ಯಾರಿದ್ದಾರೆ, ಯಾರು ಹಾಸಿಗೆ ಹಿಡಿದಿದ್ದಾರೆ, ಒಮ್ಮೆ ಯೋಚಿಸಿ. ಶುಕ್ರವಾರದವರೆಗೆ ಕಾಯಬೇಡಿ. ಇವತ್ತೇ ಹೋಗಿ ಬನ್ನಿ. ಅಲ್ಲಾಹನು ನಮ್ಮೆಲ್ಲರಿಗೂ ಅನುಗ್ರಹಿಸಲಿ. ಆಮೀನ್.