ಜೋಡಿ ಕಟ್ಟುವವರು ಯಾರು, ಪಂದ್ಯ ನಿಲ್ಲಿಸುವವರು ಯಾರು?

ಬೆಂಗಳೂರು: 2022ರ ಜುಲೈ 10ರಂದು ನಗರದ ಪಶ್ಚಿಮ ಅಂಚಿನಲ್ಲಿ, ಜ್ಞಾನಭಾರತಿ ಪೊಲೀಸ್ ಠಾಣೆಯ ವ್ಯಾಪ್ತಿಯಲ್ಲಿ ರಾಜ್ಯಮಟ್ಟದ ಕೆ-1 ಕಿಕ್ ಬಾಕ್ಸಿಂಗ್ ಪಂದ್ಯಾವಳಿ ನಡೆದಿತ್ತು. ಮೈಸೂರಿನಿಂದ ಬಂದಿದ್ದ 23 ವರ್ಷದ ಸ್ಪರ್ಧಿಯೊಬ್ಬರು ಮುಖಕ್ಕೆ ಬಿದ್ದ ಹೊಡೆತದಿಂದ ರಿಂಗ್‌ನಲ್ಲೇ ಕುಸಿದರು. ಆಸ್ಪತ್ರೆಗೆ ಸೇರಿಸಿದರೂ ಪ್ರಜ್ಞೆ ಮರಳಲಿಲ್ಲ. ಕೆಲವೇ ದಿನಗಳಲ್ಲಿ ಕೊನೆಯುಸಿರೆಳೆದರು. ಸ್ಥಳದಲ್ಲಿ ಸಮರ್ಪಕ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ತಂದೆ ದೂರಿದರು. ಸಂಘಟಕರ ವಿರುದ್ಧ ಪ್ರಕರಣ ದಾಖಲಾಯಿತು.

ಅದೇ ಜ್ಞಾನಭಾರತಿ ಪ್ರದೇಶದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ದೇಶದ ಹೆಸರಾಂತ ಕ್ರೀಡಾಪಟುಗಳು ತರಬೇತಿ ಪಡೆಯುವ ಆವರಣವದು. ಅಲ್ಲಿನ ಶಿಸ್ತಿಗೂ ಖಾಸಗಿ ರಿಂಗ್‌ಗಳ ಪರಿಸ್ಥಿತಿಗೂ ನಡುವೆ ಇರುವ ದೂರವನ್ನು ಕಿಲೋಮೀಟರುಗಳಲ್ಲಿ ಅಳೆಯಲಾಗದು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಭಾಗಗಳ ಜಿಮ್‌ಗಳಲ್ಲಿ ಇಂದು ಬಾಕ್ಸಿಂಗ್, ಕಿಕ್ ಬಾಕ್ಸಿಂಗ್ ತರಗತಿಗಳಿಗೆ ಬೇಡಿಕೆಯಿದೆ. ಕಚೇರಿಯ ದಣಿವು ಕಳೆಯಲು ಕೈಗವಸು ತೊಟ್ಟವರಲ್ಲಿ ಕೆಲವರು ಒಂದು ದಿನ ಪಂದ್ಯಕ್ಕೂ ಇಳಿಯುತ್ತಾರೆ. ಅವರನ್ನು ಯಾರೊಡನೆ ಸೆಣಸಲು ಬಿಡಬೇಕು, ಯಾವ ಕ್ಷಣದಲ್ಲಿ ತಡೆಯಬೇಕು ಎಂಬುದನ್ನು ನಿರ್ಧರಿಸುವವರು ಯಾರು ಎಂಬುದೇ ಇಲ್ಲಿನ ಪ್ರಶ್ನೆ.

ಗರಡಿಯ ಸಂಪ್ರದಾಯ

ಕನ್ನಡ ನಾಡಿಗೆ ಈ ಪ್ರಶ್ನೆ ಹೊಸದಲ್ಲ. ಮೈಸೂರು ದಸರಾ ಕುಸ್ತಿಗೆ ಮುನ್ನ ಪೈಲ್ವಾನರ 'ಜೋಡಿ ಕಟ್ಟುವ' ಕಾರ್ಯಕ್ರಮ ಇಂದಿಗೂ ನಡೆಯುತ್ತದೆ. ಗರಡಿಗಳ ಪೈಲ್ವಾನರು ಒಂದೆಡೆ ಸೇರುತ್ತಾರೆ. ಮೈಕಟ್ಟು, ತೂಕ, ಅನುಭವ ನೋಡಿ ಹಿರಿಯರು ಸಮಬಲರನ್ನು ಎದುರುಬದುರು ನಿಲ್ಲಿಸುತ್ತಾರೆ. ಅಲ್ಲಿಯೂ ಗರಡಿಗಳ ಪ್ರತಿಷ್ಠೆ, ಅಸಮಾಧಾನ, ವಾಗ್ವಾದ ಇಲ್ಲದಿಲ್ಲ. ಆದರೆ ಎಲ್ಲವೂ ನಾಲ್ಕು ಜನರ ಕಣ್ಣೆದುರೇ ನಡೆಯುವುದರಿಂದ ತೀರಾ ಎಳೆಯನನ್ನು ಪಳಗಿದವನ ಮುಂದೆ ನೂಕುವುದು ಸುಲಭವಲ್ಲ.

ವೃತ್ತಿಪರ ಬಾಕ್ಸಿಂಗ್‌ನಲ್ಲಿ ಈ ಕೆಲಸ ನಡೆಯುವುದು ಮುಚ್ಚಿದ ಬಾಗಿಲ ಹಿಂದೆ. ಟಿಕೆಟ್ ಮಾರಾಟವಾಗುವಂತಹ ಬಾಕ್ಸರ್‌ನ ಗೆಲುವಿನ ದಾಖಲೆ ಬೆಳೆಯಬೇಕು. ಅದಕ್ಕೆ ತಕ್ಕ ಎದುರಾಳಿ ದೊರೆಯಬೇಕು. ಆ ಎದುರಾಳಿ ಕೊನೆಯ ಗಳಿಗೆಯಲ್ಲಿ ಕರೆಸಿಕೊಂಡವನೋ, ಹಿಂದಿನ ಪೆಟ್ಟಿನಿಂದ ಚೇತರಿಸಿಕೊಳ್ಳದವನೋ ಆಗಿರಬಹುದು. ಜೋಡಿ ಕಟ್ಟುವವರು, ಟಿಕೆಟ್ ಮಾರುವವರು, ರೆಫರಿಗೆ ಸಂಭಾವನೆ ಕೊಡುವವರು ಒಬ್ಬರೇ ಆದಾಗ ಅಪಾಯ ಇಮ್ಮಡಿಸುತ್ತದೆ. ಸಂಘಟಕನ ನೆಚ್ಚಿನ ಬಾಕ್ಸರ್ ತತ್ತರಿಸುತ್ತಿರುವಾಗ ನಡುವೆ ಕೈ ಅಡ್ಡ ಹಾಕಲು ರೆಫರಿಗೆ ಅಸಾಮಾನ್ಯ ಧೈರ್ಯ ಬೇಕಾಗುತ್ತದೆ.

ಮರುಪಂದ್ಯದ ಲೆಕ್ಕಾಚಾರ

ಮರುಪಂದ್ಯವೆಂದರೆ ಸೋತವನಿಗೆ ನ್ಯಾಯ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಅದು ಬಹುತೇಕ ವೇಳೆ ಮೊದಲೇ ಬರೆದಿಟ್ಟ ಕರಾರು. 2019ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಆಂಡಿ ರೂಯಿಸ್ ಎದುರು ಆಂಥೊನಿ ಜೋಶುವಾ ಅನಿರೀಕ್ಷಿತವಾಗಿ ಸೋತರು. ಒಪ್ಪಂದದಲ್ಲಿ ಮರುಪಂದ್ಯದ ಷರತ್ತು ಇದ್ದುದರಿಂದ ಅದೇ ಡಿಸೆಂಬರ್‌ನಲ್ಲಿ ಸೌದಿ ಅರೇಬಿಯಾದಲ್ಲಿ ಇಬ್ಬರೂ ಮತ್ತೆ ಎದುರಾದರು. ಜೋಶುವಾ ಪ್ರಶಸ್ತಿ ಮರಳಿ ಪಡೆದರು. ಹೆಸರುಳ್ಳವರಿಗೆ ಎರಡನೆಯ ಅವಕಾಶ ಕಾಗದದಲ್ಲೇ ಭದ್ರವಾಗಿರುತ್ತದೆ. ಹೆಸರಿಲ್ಲದವರಿಗೆ ಆ ಭಾಗ್ಯವಿಲ್ಲ.

ಅಮೆಚೂರ್ ಕ್ಷೇತ್ರವೂ ಇದಕ್ಕೆ ಹೊರತಲ್ಲ. 2019ರ ಮೇ ತಿಂಗಳಲ್ಲಿ ಗುವಾಹಟಿಯ ಇಂಡಿಯಾ ಓಪನ್ ಸೆಮಿಫೈನಲ್‌ನಲ್ಲಿ ನಿಖತ್ ಜರೀನ್ ಅವರನ್ನು ಮೇರಿ ಕೋಮ್ ಮಣಿಸಿದ್ದರು. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ಗೆ ಟ್ರಯಲ್ಸ್ ಇಲ್ಲದೆಯೇ ಮೇರಿ ಆಯ್ಕೆಯಾದರು. ಒಲಿಂಪಿಕ್ ಅರ್ಹತಾ ಟೂರ್ನಿಗೂ ಹಾಗೆಯೇ ಆಗುವ ಸೂಚನೆ ಕಂಡಾಗ ನಿಖತ್ ಕ್ರೀಡಾ ಸಚಿವರಿಗೇ ಪತ್ರ ಬರೆಯಬೇಕಾಯಿತು. ಡಿಸೆಂಬರ್ 28ರಂದು ದೆಹಲಿಯಲ್ಲಿ ನಡೆದ ಟ್ರಯಲ್ಸ್‌ನಲ್ಲಿ ಮೇರಿ 9-1ರಿಂದ ಗೆದ್ದರು. ಆದರೆ ನಿಖತ್ ಕೇಳಿದ್ದು ಪದಕವನ್ನಲ್ಲ, ರಿಂಗ್ ಹತ್ತುವ ಹಕ್ಕನ್ನು. ಅವರೇ 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದರು.

ಲಂಡನ್ ಕಲಿತ ಪಾಠ

ಮರುಪಂದ್ಯ, ನಿಲ್ಲಿಸಿದ ಪಂದ್ಯ, ಸಂಘಟಕರ ಹೊಣೆ ಮೂರೂ ಒಂದೇ ಕಡೆ ಸೇರಿದ ಪ್ರಕರಣವೆಂದರೆ ಬ್ರಿಟನ್ನಿನ ಮೈಕೆಲ್ ವಾಟ್ಸನ್ ಅವರದು. 1991ರ ಜೂನ್‌ನಲ್ಲಿ ಕ್ರಿಸ್ ಯುಬ್ಯಾಂಕ್ ಎದುರು ವಾಟ್ಸನ್ ಸೋತಾಗ ತೀರ್ಪು ವಿವಾದಕ್ಕೆ ಈಡಾಯಿತು. ಮೂರೇ ತಿಂಗಳಲ್ಲಿ, ಸೆಪ್ಟೆಂಬರ್ 21ರಂದು, ಲಂಡನ್‌ನಲ್ಲಿ ಮರುಪಂದ್ಯ ಏರ್ಪಟ್ಟಿತು. ಹನ್ನೊಂದನೆಯ ಸುತ್ತಿನಲ್ಲಿ ವಾಟ್ಸನ್ ಎದುರಾಳಿಯನ್ನು ಕೆಡವಿದರು. ಎದ್ದು ನಿಂತ ಯುಬ್ಯಾಂಕ್ ಕೊಟ್ಟ ಪೆಟ್ಟಿಗೆ ತಾವೇ ಉರುಳಿದರು. ಹನ್ನೆರಡನೆಯ ಸುತ್ತಿನ ಆರಂಭದಲ್ಲೇ ರೆಫರಿ ಪಂದ್ಯ ನಿಲ್ಲಿಸಿದರು. ಆಮೇಲೆ ವಾಟ್ಸನ್ ಪ್ರಜ್ಞೆ ಕಳೆದುಕೊಂಡರು. ಅವರನ್ನು ಮೊದಲು ಕೊಂಡೊಯ್ದ ಆಸ್ಪತ್ರೆಯಲ್ಲಿ ಮಿದುಳು ಶಸ್ತ್ರಚಿಕಿತ್ಸೆಯ ಸೌಲಭ್ಯವಿರಲಿಲ್ಲ, ಮತ್ತೊಂದಕ್ಕೆ ಸಾಗಿಸಬೇಕಾಯಿತು. 40 ದಿನ ಕೋಮಾದಲ್ಲಿದ್ದ ಅವರು ಬದುಕುಳಿದರಾದರೂ ಬಾಕ್ಸಿಂಗ್‌ಗೆ ಮರಳಲಿಲ್ಲ.

ವಾಟ್ಸನ್ ದೂರಿದ್ದು ಎದುರಾಳಿಯನ್ನಲ್ಲ, ಬ್ರಿಟಿಷ್ ಬಾಕ್ಸಿಂಗ್ ನಿಯಂತ್ರಣ ಮಂಡಳಿಯನ್ನು. ರಿಂಗ್ ಬಳಿಯೇ ತುರ್ತು ಚಿಕಿತ್ಸೆ ದೊರೆತಿದ್ದರೆ ಹಾನಿ ಇಷ್ಟಾಗುತ್ತಿರಲಿಲ್ಲ ಎಂಬುದು ಅವರ ವಾದ. 1999ರಲ್ಲಿ ಹೈಕೋರ್ಟ್ ಅದನ್ನು ಒಪ್ಪಿತು. 2000ದಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. 2001ರಲ್ಲಿ 4 ಲಕ್ಷ ಪೌಂಡ್‌ಗಳ ಪರಿಹಾರಕ್ಕೆ ಒಪ್ಪಂದವಾಯಿತು. ನಿಯಮ ರೂಪಿಸುವವರು ಆ ನಿಯಮದ ಕೊರತೆಗೂ ಹೊಣೆ ಎಂಬುದು ತೀರ್ಪಿನ ಸಾರ.

ನಮ್ಮಲ್ಲಿ ಯಾರು ಹೊಣೆ?

ಭಾರತದಲ್ಲಿ ಅಂತಹ ಹೊಣೆಗಾರನನ್ನು ಹುಡುಕುವುದೇ ಕಷ್ಟ. ಒಲಿಂಪಿಕ್ ಬಾಕ್ಸಿಂಗ್‌ನ ಆಡಳಿತವೇ 2012ರ ಅಮಾನತಿನಿಂದ 2016ರಲ್ಲಿ ಭಾರತೀಯ ಬಾಕ್ಸಿಂಗ್ ಫೆಡರೇಷನ್ ರಚನೆಯಾಗುವವರೆಗೂ ಅತಂತ್ರವಾಗಿತ್ತು. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯ ಗಮನವಿರುವುದು ರಾಷ್ಟ್ರೀಯ ಕ್ರೀಡಾ ಸಂಸ್ಥೆಗಳ ಆಡಳಿತ, ಚುನಾವಣೆ, ವ್ಯಾಜ್ಯಗಳ ಮೇಲೆ. ವೃತ್ತಿಪರ ಸೆಣಸಾಟಗಳಿಗೆ ಪರವಾನಗಿ ನೀಡುವ ಶಾಸನಬದ್ಧ ಆಯೋಗ ದೇಶದಲ್ಲಿಲ್ಲ. ಉಳಿಯುವುದು ದಂಡಸಂಹಿತೆ ಮಾತ್ರ. ನಿರ್ಲಕ್ಷ್ಯದ ಸಾವಿಗೆ ಹಳೆಯ ಐಪಿಸಿ 304ಎ ಅಡಿ ಗರಿಷ್ಠ 2 ವರ್ಷ ಸಜೆಯಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಅದನ್ನು 5 ವರ್ಷಕ್ಕೆ ಏರಿಸಿದೆ. ಆದರೆ ಶಿಕ್ಷೆ ಎಷ್ಟೇ ಕಠಿಣವಾದರೂ ಅದು ಸಾವಿನ ನಂತರದ ಮಾತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಒಂದೇ ಪೆಟ್ಟಿಗೆ ಸ್ಪರ್ಧಿ ಕುಸಿದಾಗ ಎಂತಹ ರೆಫರಿಯೂ ಅಸಹಾಯಕ ಎಂಬುದನ್ನು ಒಪ್ಪಬೇಕು. ಆಗ ಜೀವ ಉಳಿಸುವುದು ಮೊದಲೇ ಮಾಡಿಟ್ಟ ಸಿದ್ಧತೆ: ರಿಂಗ್ ಪಕ್ಕದಲ್ಲಿ ವೈದ್ಯರು, ಆಮ್ಲಜನಕ, ಬಾಗಿಲಲ್ಲಿ ಆಂಬುಲೆನ್ಸ್, ನರಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಮುಂಚಿತ ಸೂಚನೆ. ಪೀಣ್ಯದಿಂದಾಗಲಿ ವೈಟ್‌ಫೀಲ್ಡ್‌ನಿಂದಾಗಲಿ ಸಂಜೆಯ ದಟ್ಟಣೆಯಲ್ಲಿ ನಿಮ್ಹಾನ್ಸ್ ತಲುಪಲು ಎಷ್ಟು ಹೊತ್ತು ಬೇಕೆಂಬುದು ಈ ನಗರದವರಿಗೆ ಹೇಳಬೇಕಾದುದಿಲ್ಲ. ಮಿದುಳಿನಲ್ಲಿ ರಕ್ತಸ್ರಾವವಾದವರಿಗೆ ಪ್ರತಿ ನಿಮಿಷವೂ ಅಮೂಲ್ಯ.

ಎರಡನೆಯದು ದಾಖಲೆ. ತಲೆಗೆ ಪೆಟ್ಟು ಬಿದ್ದು ನಾಕೌಟ್ ಆದವರು ಕನಿಷ್ಠ 30 ದಿನ ರಿಂಗ್‌ನಿಂದ ದೂರವಿರಬೇಕೆಂಬುದು ಅಮೆಚೂರ್ ಬಾಕ್ಸಿಂಗ್‌ನಲ್ಲಿ ಬಹುಕಾಲದಿಂದ ಬಂದ ನಿಯಮ. ಸ್ಪರ್ಧಿಗಳ ವೈದ್ಯಕೀಯ ದಾಖಲೆ ಒಂದೆಡೆ ಇರದಿದ್ದರೆ ಈ ಭಾನುವಾರ ಪೀಣ್ಯದಲ್ಲಿ ಬಿದ್ದವನು ಮುಂದಿನ ಭಾನುವಾರ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬೇರೊಂದು ಸಂಘಟನೆಯ ಧ್ವಜದಡಿ ಎದ್ದು ನಿಲ್ಲುವುದನ್ನು ತಡೆಯುವವರಾರು? 'ಸೇಡಿನ ಪಂದ್ಯ' ಎಂಬ ಭಿತ್ತಿಪತ್ರ ಅವನ ಮಿದುಳಿನ ಸ್ಥಿತಿಯನ್ನು ತಿಳಿಸದು.

ಆಯೋಗಕ್ಕಾಗಿ ಸಂಸತ್ತಿನತ್ತ ನೋಡುತ್ತ ಕೂರಬೇಕಿಲ್ಲ. ವೈದ್ಯಕೀಯ ಸಿದ್ಧತೆಯ ಪ್ರಮಾಣಪತ್ರ, ಸಂಘಟಕರ ಅಧೀನದಲ್ಲಿಲ್ಲದ ರೆಫರಿ ಮತ್ತು ವೈದ್ಯರು, ಮುಂಚಿತವಾಗಿ ಪ್ರಕಟಿಸಿದ ಜೋಡಿಗಳ ಪಟ್ಟಿ ಈ ಮೂರನ್ನು ಅನುಮತಿಯ ಷರತ್ತಾಗಿಸಲು ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಸಾಕು. ದಸರಾ ಕುಸ್ತಿಯಲ್ಲಿ ಜೋಡಿ ಕಟ್ಟುವುದನ್ನು ಬಯಲಿನಲ್ಲಿ ಮಾಡುವ ಊರಿನಿಂದಲೇ ಆ ಯುವಕ ಬಂದಿದ್ದರು. ಅವರು ಬಂದಿಳಿದ ರಾಜಧಾನಿ ಆ ಪಾಠವನ್ನು ಇನ್ನಾದರೂ ಕಲಿಯುವುದೇ?